ನೆರೆಯವನ ತೊಲೆ, ನಮ್ಮ ಗೋಡೆ

ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದರೆ ಅದರ ಮೇಲೆ ಯಾರಿಗೆ ಎಷ್ಟು ಹಕ್ಕು? ಒಬ್ಬನು ಅದರಲ್ಲಿ ತೊಲೆ ಕೂರಿಸಲು ಅಥವಾ ಅದರ ಮೇಲೆ ಮಾಳಿಗೆ ಎಬ್ಬಿಸಲು ಹೊರಟಾಗ ಇನ್ನೊಬ್ಬನನ್ನು ಕೇಳಬೇಕೆ? ಕೇಳಿದಾಗ ಅವನು ಬೇಡವೆಂದರೆ? ಮನೆಗೆ ಮನೆ ತಾಗಿಕೊಂಡಿದ್ದ ಹಳೆಯ ಪಟ್ಟಣಗಳಲ್ಲಿ ಇದು ದಿನನಿತ್ಯದ ಜಗಳವಾಗಿತ್ತು. ಇಸ್ಲಾಮೀ ಕರ್ಮಶಾಸ್ತ್ರ ಎಂದೊಡನೆ ಇಂದು ನಮಗೆ ನೆನಪಾಗುವುದು ನಿಕಾಹ್, ತಲಾಕ್, ವಾರೀಸು ಹಕ್ಕು ಇಷ್ಟೇ. ಆದರೆ ಫಿಕ್ಹ್ ಗ್ರಂಥಗಳಲ್ಲಿ ಗೋಡೆ, ಕಿಟಕಿ, ಮೋರಿ, ಸೂರಿನ ನೀರು ಇವುಗಳ ಬಗ್ಗೆ ಪುಟಗಟ್ಟಲೆ ಚರ್ಚೆಯಿದೆ. ಅದನ್ನು ಓದುವವರು ಕಡಿಮೆ.

ಚರ್ಚೆ ಆರಂಭವಾಗುವುದು ಒಂದು ಹದೀಸ್‌ನಿಂದ. ನೆರೆಯವನು ತನ್ನ ಗೋಡೆಗೆ ತೊಲೆ ಸೇರಿಸುವುದನ್ನು ಯಾರೂ ತಡೆಯಬಾರದೆಂದು ಪ್ರವಾದಿ(ಸ)ಯವರು ಹೇಳಿದ್ದಾಗಿ ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್, ಮುವತ್ತಾ ಮೂರರಲ್ಲೂ ಇದು ಇದೆ. ಕೇಳಿದವರು ಮುಖ ತಿರುಗಿಸಿದಾಗ ಅಬೂ ಹುರೈರಾ(ರ) ಸಿಟ್ಟಾದರೆಂಬುದೂ ಅದೇ ವರದಿಯಲ್ಲಿದೆ. ಅಂದರೆ ಮದೀನಾದಲ್ಲೂ ಮನೆ ಮಾಲಕರಿಗೆ ಈ ಮಾತು ಸುಲಭವಾಗಿ ಗಂಟಲಿಗಿಳಿದಿರಲಿಲ್ಲ!

ಇದು ನ್ಯಾಯಾಲಯ ಜಾರಿಗೊಳಿಸಬೇಕಾದ ಆಜ್ಞೆಯೇ ಅಥವಾ ಸಜ್ಜನಿಕೆಯ ಬೋಧನೆಯೇ? ಇಮಾಮರು ಇಲ್ಲಿ ಬೇರೆಯಾದರು. ನೆರೆಯವನಿಗೆ ಅಗತ್ಯವಿದ್ದು ಗೋಡೆಗೆ ಹಾನಿಯಾಗದಿದ್ದರೆ ಬಿಟ್ಟುಕೊಡುವುದು ಕಡ್ಡಾಯವೆಂಬುದು ಇಮಾಮ್ ಅಹ್ಮದ್ ಬಿನ್ ಹಂಬಲ್‌ರ ನಿಲುವು. ಮಾಲಿಕೀ ಮತ್ತು ಹನಫೀಗಳು ಅದನ್ನು ಉತ್ತಮ ನಡತೆಯೆಂದಷ್ಟೇ ಪರಿಗಣಿಸಿದರು. ಇಮಾಮ್ ಶಾಫಿಈ ಮೊದಲು ಕಡ್ಡಾಯವೆಂದು, ನಂತರ ಅಲ್ಲವೆಂದು ಅಭಿಪ್ರಾಯಪಟ್ಟರು. ಮನಃಪೂರ್ವಕ ಒಪ್ಪಿಗೆಯಿಲ್ಲದೆ ಯಾರ ಸೊತ್ತೂ ಇನ್ನೊಬ್ಬರಿಗೆ ಸಲ್ಲದು ಎಂಬ ತತ್ವ ಒಂದೆಡೆ. ಇನ್ನೊಂದೆಡೆ ಹಝ್ರತ್ ಉಮರ್(ರ)ರ ಪ್ರಸಿದ್ಧ ತೀರ್ಪು. ದಹ್ಹಾಕ್ ಬಿನ್ ಖಲೀಫಾ ಎಂಬವರ ನೀರಿನ ಕಾಲುವೆ ತಮ್ಮ ಜಮೀನಿನಲ್ಲಿ ಹಾದುಹೋಗುವುದನ್ನು ಮುಹಮ್ಮದ್ ಬಿನ್ ಮಸ್ಲಮಾ ತಡೆದಾಗ, ನಿನಗೂ ಲಾಭ, ನಷ್ಟವೇನೂ ಇಲ್ಲ, ತಡೆಯುವುದೇಕೆ ಎಂದು ಕೇಳಿ ಉಮರ್(ರ) ಕಾಲುವೆ ಹರಿಸಿಯೇ ಬಿಟ್ಟರು. ಸ್ವತಃ ಇಮಾಮ್ ಮಾಲಿಕ್‌ರೇ ಮುವತ್ತಾದಲ್ಲಿ ಈ ಘಟನೆಯನ್ನು ದಾಖಲಿಸಿದ್ದಾರೆ. ಆದರೂ ಅವರ ಅನುಯಾಯಿಗಳಲ್ಲಿ ಹೆಚ್ಚಿನವರು ಒಪ್ಪಿಗೆಯ ತತ್ವವನ್ನೇ ಹಿಡಿದರು. ಬಡ ನೆರೆಯವನ ದೃಷ್ಟಿಯಿಂದ ನೋಡಿದರೆ ಅಹ್ಮದ್‌ರ ನಿಲುವೇ ಹೆಚ್ಚು ನ್ಯಾಯಯುತವೆಂದು ನನಗನಿಸುತ್ತದೆ. ಇನ್ನೊಂದು ಗೋಡೆ ಕಟ್ಟಲು ಅವನಲ್ಲಿ ಹಣವೂ ಇಲ್ಲ, ಜಾಗವೂ ಇಲ್ಲ.

ತತ್ವ ಏನೇ ಇರಲಿ, ಗೋಡೆ ಯಾರದೆಂದು ಮೊದಲು ತಿಳಿಯಬೇಕಲ್ಲ? ದಾಖಲೆಪತ್ರ ಇಲ್ಲದಿದ್ದರೆ ಗೋಡೆಯೇ ಸಾಕ್ಷಿ ಹೇಳಬೇಕು. ಜೊಂಡಿನ ತಡಿಕೆಯೊಂದರ ಜಗಳವನ್ನು ತೀರ್ಮಾನಿಸಲು ಪ್ರವಾದಿ(ಸ)ಯವರು ಹುದೈಫಾ(ರ)ರನ್ನು ಕಳುಹಿಸಿದರೆಂದೂ, ಹಗ್ಗದ ಗಂಟುಗಳು ಯಾರ ಬದಿಗಿವೆಯೋ ತಡಿಕೆ ಅವರದೆಂದು ಅವರು ತೀರ್ಪಿತ್ತರೆಂದೂ ಇಬ್ನು ಮಾಜಾದಲ್ಲಿ ಒಂದು ವರದಿಯಿದೆ. ಹದೀಸ್ ವಿದ್ವಾಂಸರು ಅದರ ಸನದನ್ನು ದುರ್ಬಲವೆಂದಿದ್ದಾರೆ. ಆದರೆ ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿ ತೀರ್ಮಾನಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿತು. ಸ್ಪೇನಿನ ತುದೇಲಾ ಮೂಲದ ಈಸಾ ಬಿನ್ ಮೂಸಾ (ನಿಧನ 996) ಗೋಡೆಗಳ ಬಗ್ಗೆಯೇ 'ಕಿತಾಬುಲ್ ಜಿದಾರ್' ಎಂಬ ಗ್ರಂಥ ಬರೆದರು.

ಹದಿನಾಲ್ಕನೇ ಶತಮಾನದ ಟ್ಯೂನಿಸ್ ನಗರದ ಇಬ್ನು ರಾಮಿಯ ಕತೆ ಇನ್ನೂ ಸ್ವಾರಸ್ಯಕರ. ಅವರು ಮೂಲತಃ ಗಾರೆ ಕೆಲಸದ ಮೇಸ್ತ್ರಿ. ನಗರದ ಖಾಝಿಗಳು ಕಟ್ಟಡದ ವ್ಯಾಜ್ಯ ಬಂದಾಗ ಇವರನ್ನು ಸ್ಥಳಕ್ಕೆ ಕಳುಹಿಸಿ ವರದಿ ಪಡೆಯುತ್ತಿದ್ದರು. ಆ ಅನುಭವವನ್ನೂ ಹಿಂದಿನ ವಿದ್ವಾಂಸರ ಮಾತುಗಳನ್ನೂ ಸೇರಿಸಿ ಅವರು 'ಅಲ್ ಇಅ್‌ಲಾನ್ ಬಿ ಅಹ್ಕಾಮಿಲ್ ಬುನ್ಯಾನ್' ಬರೆದರು. ಮೂಲೆಯಲ್ಲಿ ಇಟ್ಟಿಗೆ ಕಲ್ಲುಗಳು ಯಾರ ಮನೆಯ ಗೋಡೆಯೊಂದಿಗೆ ಹಲ್ಲು ಕಚ್ಚಿಕೊಂಡಿವೆ ಎಂಬುದು ಮುಖ್ಯ ಗುರುತು. ಒಂದೇ ಬದಿಗೆ ಕಚ್ಚಿದ್ದರೆ ಗೋಡೆ ಆ ಬದಿಯವನದು. ಎರಡೂ ಬದಿಗೆ ಕಚ್ಚಿದ್ದರೆ, ಅಥವಾ ಎಲ್ಲೂ ಕಚ್ಚದಿದ್ದರೆ, ಇಬ್ಬರಿಂದಲೂ ಪ್ರಮಾಣ ಮಾಡಿಸಿ ಅದನ್ನು ಜಂಟಿ ಗೋಡೆಯೆಂದು ತೀರ್ಮಾನಿಸಲಾಗುತ್ತಿತ್ತು. ಹನಫೀಗಳು ತೊಲೆಗಳನ್ನೂ ಎಣಿಸುತ್ತಿದ್ದರು. ಒಬ್ಬನದು ಮೂರು, ಇನ್ನೊಬ್ಬನದು ಅದಕ್ಕಿಂತ ಕಡಿಮೆಯಾದರೆ ಗೋಡೆ ಮೂರು ತೊಲೆಯವನದು. ಒಂದೆರಡು ತೊಲೆ ಇಡಲೆಂದು ಯಾರೂ ಗೋಡೆ ಕಟ್ಟುವುದಿಲ್ಲ ಎಂಬುದು ಅವರ ತರ್ಕ. ಆದರೂ ಇನ್ನೊಬ್ಬನ ತೊಲೆಯನ್ನು ಕೀಳಿಸುವಂತಿಲ್ಲ, ಅದರ ಜಾಗ ಅದಕ್ಕೆ ಉಳಿಯುತ್ತದೆ.

ಕಾನೂನಿನ ಕ್ರಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ವಾಲಿದ ಗೋಡೆಯ ವಿಷಯದಲ್ಲಿ. ಫರ್ಗಾನಾದ ಮರ್ಗೀನಾನೀ (ನಿಧನ 1197) ತಮ್ಮ 'ಹಿದಾಯಾ'ದಲ್ಲಿ ಅದನ್ನು ವಿವರವಾಗಿ ಹೇಳಿದ್ದಾರೆ. ಮೊದಲಿನಿಂದಲೇ ವಾರೆಯಾಗಿ ಕಟ್ಟಿದ್ದರೆ ಬಿದ್ದಾಗ ಆಗುವ ಹಾನಿಗೆ ಮಾಲಕ ನೇರ ಹೊಣೆ. ನೆಟ್ಟಗಿದ್ದದ್ದು ಮುಂದೆ ವಾಲಿದರೆ ಅವನಿಗೆ ತಿಳುವಳಿಕೆ ಕೊಡಬೇಕು. ಕೆಡವಲು ಸಾಕಷ್ಟು ಕಾಲಾವಕಾಶ ಸಿಕ್ಕಿಯೂ ಅವನು ಸುಮ್ಮನಿದ್ದರೆ ಮಾತ್ರ ಪರಿಹಾರದ ಹೊಣೆ ಬರುತ್ತದೆ. ತಿಳುವಳಿಕೆ ಕೊಡಬೇಕಾದದ್ದು ಕೆಡವುವ ಅಧಿಕಾರ ಉಳ್ಳವನಿಗೆ, ಬಾಡಿಗೆದಾರನಿಗಾಗಲಿ ಅಡವು ಹಿಡಿದವನಿಗಾಗಲಿ ಅಲ್ಲ. ಸಾಕ್ಷಿಗಳನ್ನು ನಿಲ್ಲಿಸುವುದು, ಮಾಲಕ ಆಮೇಲೆ ನನಗೆ ಹೇಳಿಯೇ ಇಲ್ಲ ಎಂದರೆ ರುಜುವಾತಿಗಾಗಿ. ಗೋಡೆ ನೆರೆಮನೆಯತ್ತ ವಾಲಿದ್ದರೆ ಕೇಳುವ ಹಕ್ಕು ಆ ಮನೆಯವನದು, ವಾಯಿದೆ ಕೊಡುವ ಹಕ್ಕೂ ಅವನದೇ. ಸಾರ್ವಜನಿಕ ದಾರಿಯತ್ತ ವಾಲಿದ್ದರೆ? ಮುಸ್ಲಿಮನಿರಲಿ, ಮುಸ್ಲಿಮೇತರನಿರಲಿ, ದಾರಿಹೋಕ ಯಾರು ಬೇಕಾದರೂ ಕೆಡವಲು ಹೇಳಬಹುದು, ಏಕೆಂದರೆ ನಡೆದಾಡುವುದರಲ್ಲಿ ಜನರೆಲ್ಲರೂ ಪಾಲುದಾರರು. ಆಗ ವಾಯಿದೆ ಕೊಡುವ ಅಧಿಕಾರ ಖಾಝಿಗೂ ಇಲ್ಲ. ಹಕ್ಕು ಸಮುದಾಯದ್ದಾಗಿರುವಾಗ ಖಾಝಿ ಅದನ್ನು ಯಾರ ಪರವಾಗಿ ಬಿಟ್ಟುಕೊಟ್ಟಾನು?

ಇದೆಲ್ಲ ಆಧುನಿಕ ಕಾನೂನಿನ ಕಲಮುಗಳ ರೂಪ ಪಡೆದದ್ದು ಉಸ್ಮಾನೀ ಸಾಮ್ರಾಜ್ಯದ 'ಮಜಲ್ಲಾ'ದಲ್ಲಿ. ಅಹ್ಮದ್ ಜೌದತ್ ಪಾಶಾ ನೇತೃತ್ವದಲ್ಲಿ 1869ರಿಂದ 1876ರ ವರೆಗೆ ಹೊರಬಂದ ಅದರ 1851 ಕಲಮುಗಳಲ್ಲಿ ಜಂಟಿ ಗೋಡೆಗೂ ಸ್ಥಾನವಿದೆ. ಪಾಲುದಾರನ ಅನುಮತಿಯಿಲ್ಲದೆ ಅದನ್ನು ಎತ್ತರಿಸುವಂತಿಲ್ಲ, ಅದರಿಂದ ಹಾನಿ ಇಲ್ಲದಿದ್ದರೂ ಸಹ. ಆದರೆ ಸ್ವಂತ ಜಾಗದಲ್ಲಿ ಕೋಣೆ ಕಟ್ಟಲು ಅದರ ಮೇಲೆ ತೊಲೆ ಇಡುವುದನ್ನು ಇನ್ನೊಬ್ಬನು ತಡೆಯುವಂತಿಲ್ಲ. ಗೋಡೆ ಎಷ್ಟು ತೊಲೆ ಹೊರಬಲ್ಲದೋ ಅದರ ಅರ್ಧವನ್ನು ಮಾತ್ರ ಒಬ್ಬನು ಇಡಬಹುದು.

ನಮ್ಮ ದೇಶದ ದಾರಿ ಬೇರೆಯಾಯಿತು. ವಾರನ್ ಹೇಸ್ಟಿಂಗ್ಸ್‌ನ ಆಸಕ್ತಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ 'ಹಿದಾಯಾ'ವನ್ನು ಇಂಗ್ಲಿಷಿಗೆ ಅನುವಾದಿಸಿ, 1791ರಲ್ಲಿ ಅದು ಅಚ್ಚಾಯಿತು. ಆದರೆ 1772ರ ವ್ಯವಸ್ಥೆಯಲ್ಲೇ ಸಿವಿಲ್ ಕೋರ್ಟುಗಳು ಮುಸ್ಲಿಮ್ ಕಾನೂನನ್ನು ವಾರೀಸು, ವಿವಾಹ ಮತ್ತು ಧಾರ್ಮಿಕ ಆಚಾರಗಳಿಗೆ ಮೀಸಲಿಟ್ಟಿದ್ದವು. ಗೋಡೆಯ ಅಧ್ಯಾಯ ಮದ್ರಸಾಗಳಲ್ಲಿ ಉಳಿಯಿತು, ಕೋರ್ಟುಗಳಿಗೆ ಇಂಗ್ಲಿಷ್ ತತ್ವಗಳೂ 1882ರ ಸುಖಾಧಿಕಾರ ಕಾಯ್ದೆಯೂ ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್ ತಮಗಾಗಿ 1996ರಲ್ಲಿ ಜಂಟಿ ಗೋಡೆಯ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಕೊಂಡವು. ಈಗಾಗಲೇ ಇರುವ ಜಂಟಿ ಗೋಡೆಯನ್ನು ಮುಟ್ಟುವ ಎರಡು ತಿಂಗಳ ಮೊದಲೇ ನೆರೆಯವನಿಗೆ ಲಿಖಿತ ನೋಟಿಸ್ ಕೊಡಬೇಕು. ಒಪ್ಪಿಗೆ ಆಗದಿದ್ದರೆ ಪರಿಣತರಾದ ಸರ್ವೇಯರರು ತೀರ್ಮಾನಿಸುತ್ತಾರೆ.

ಭಾರತದಲ್ಲಿ ಅಂತಹ ಪ್ರತ್ಯೇಕ ಕಾಯ್ದೆ ಇಲ್ಲ. ಬೀಳುವಂತಿರುವ ಕಟ್ಟಡಕ್ಕೆ ಸ್ಥಳೀಯ ಸಂಸ್ಥೆ ನೋಟಿಸ್ ಕೊಡಬಹುದು. ಆದರೆ ಪಕ್ಕದ ನಿವೇಶನದಲ್ಲಿ ಪಾಯ ತೋಡುವ ಸುದ್ದಿ ಎಷ್ಟೋ ಮನೆಯವರಿಗೆ ಮೊದಲು ತಿಳಿಯುವುದು ಜೆಸಿಬಿಯ ಸದ್ದಿನಿಂದಲೇ. ಆಮೇಲೆ ತಡೆಯಾಜ್ಞೆಗಾಗಿ ಸಿವಿಲ್ ಕೋರ್ಟಿಗೆ ಓಡಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದ ಪ್ರಕಾರ ಸ್ಥಳ ಪರಿಶೀಲನೆಗೆ ಕಮಿಷನರ್ ಒಬ್ಬರನ್ನು ಕೋರ್ಟು ನೇಮಿಸಬಹುದು. ಇಬ್ನು ರಾಮಿ ಮಾಡುತ್ತಿದ್ದ ಕೆಲಸಕ್ಕೆ ಹತ್ತಿರವಾದದ್ದು ಇದೊಂದೇ. ಆದರೆ ಕಮಿಷನರಾಗಿ ಬರುವವರು ಸಾಮಾನ್ಯವಾಗಿ ವಕೀಲರು. ಇಟ್ಟಿಗೆಯ ಹಲ್ಲು ಯಾವ ಬದಿಗೆ ಕಚ್ಚಿದೆಯೆಂದು ಹೇಳಬಲ್ಲ ಮೇಸ್ತ್ರಿಯನ್ನು ಅವರೊಂದಿಗೆ ಕಳುಹಿಸಿಕೊಡಿ ಎಂದು ಅರ್ಜಿಯಲ್ಲಿ ಕೇಳಿಕೊಳ್ಳುವವರು ವಿರಳ.