ಆಗಸ್ಟ್ 15: ಒಂದೇ ತಾರೀಖು, ಹತ್ತಾರು ಇತಿಹಾಸ; ನಮ್ಮ ಜಿಲ್ಲೆ ಹುಟ್ಟಿದ್ದೂ ಇದೇ ದಿನ

ಬಾಗಲಕೋಟೆ: ಆಗಸ್ಟ್ 15 ಅಂದ ಕೂಡಲೇ ಧ್ವಜಾರೋಹಣ, ಮಕ್ಕಳ ಪ್ರಭಾತಫೇರಿ, ಭಾಷಣ, ಕೊನೆಗೆ ಕೈಯಲ್ಲಿ ಒಂದಿಷ್ಟು ಸಿಹಿ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇದೇ ತಾರೀಖಿಗೆ ನಮ್ಮ ಬಾಗಲಕೋಟೆ ಜಿಲ್ಲೆಯೂ ಹುಟ್ಟಿದೆ. ದೊಡ್ಡ ಹಬ್ಬದ ದಿನವೇ ಹುಟ್ಟಿದ ಮಗುವಿನ ಹುಟ್ಟುಹಬ್ಬ ಯಾರಿಗೂ ನೆನಪಿರೋದಿಲ್ಲ ನೋಡ್ರಿ, ನಮ್ಮ ಜಿಲ್ಲೆಯದ್ದೂ ಹಂಗೇ ಆಗಿದೆ.

ಶಾಲೆ ಮಕ್ಕಳ ಭಾಷಣಕ್ಕೂ, ಅಂಗಡಿಯಲ್ಲಿ ಕೂತು ಓದುವವರಿಗೂ ಉಪಯೋಗ ಆಗಲಿ ಅಂತ ಈ ಒಂದೇ ದಿನಕ್ಕೆ ಸೇರಿದ ಮುಖ್ಯ ಘಟನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಕೆಲವು ತಾವಾಗಿಯೇ ಒಂದೇ ತಾರೀಖಿಗೆ ಬಂದು ಕೂತಿವೆ. ಇನ್ನು ಕೆಲವಕ್ಕೆ ಯಾರೋ ಬೇಕಂತಲೇ ಈ ದಿನವನ್ನು ಆರಿಸಿದ್ದಾರೆ. ಈ ವ್ಯತ್ಯಾಸ ತಿಳಿದುಕೊಂಡರೆ ಇತಿಹಾಸ ಇನ್ನೂ ಚೆನ್ನಾಗಿ ತಲೆಯಲ್ಲಿ ಉಳಿಯುತ್ತದೆ.

1997: ವಿಜಯಪುರದಿಂದ ಬೇರೆಯಾದ ದಿನ

ದೇಶಕ್ಕೆ ಸ್ವಾತಂತ್ರ್ಯ ಬಂದು 50 ವರ್ಷ ತುಂಬಿದ ದಿನ, 1997ರ ಆಗಸ್ಟ್ 15ರಂದು, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲ್. ಅವರ ಸರ್ಕಾರ ಆ ವರ್ಷ ರಾಜ್ಯದಲ್ಲಿ 7 ಹೊಸ ಜಿಲ್ಲೆ ಮಾಡಿತು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ.

ಅವತ್ತು ನಮ್ಮ ಜಿಲ್ಲೆಗೆ ಬಂದ ತಾಲೂಕುಗಳು ಆರು: ಬಾಗಲಕೋಟೆ, ಬಾದಾಮಿ, ಹುನಗುಂದ, ಜಮಖಂಡಿ, ಮುಧೋಳ, ಬೀಳಗಿ. ಇಳಕಲ್ ಆಗ ಹುನಗುಂದ ತಾಲೂಕಿನಲ್ಲೇ ಇತ್ತು. ಗುಳೇದಗುಡ್ಡ, ರಬಕವಿ-ಬನಹಟ್ಟಿ, ಇಳಕಲ್, ತೇರದಾಳ ತಾಲೂಕು ಆಗಿದ್ದು ಆಮೇಲೆ.

ಇದರಿಂದ ಏನು ಫರಕ್ ಬಿತ್ತು ಅಂತ ಇವತ್ತಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಮೊದಲು ಡಿಸಿ ಆಫೀಸಿನ ಕೆಲಸ ಅಂದರೆ ಬಾದಾಮಿಯವರು, ಇಳಕಲ್‌ನವರು ಎಲ್ಲರೂ ಕೃಷ್ಣಾ ನದಿ ದಾಟಿ ಅಂದಿನ ಬಿಜಾಪುರಕ್ಕೇ ಹೋಗಬೇಕಿತ್ತು. ಬಸ್ಸಿನ ಖರ್ಚು, ಒಂದು ದಿನದ ದುಡಿಮೆ, ಸಾಹೇಬರು ಸಿಗದಿದ್ದರೆ ಇನ್ನೊಂದು ಸಲ ಓಡಾಟ. ಅಂಗಡಿ ಬಾಗಿಲು ಹಾಕಿ ಹೋದವರಿಗೇ ಆ ಕಷ್ಟ ಗೊತ್ತು.

ಇನ್ನೊಂದು ಮಾತು. ಬ್ರಿಟಿಷರ ಕಾಲದಲ್ಲಿ ಈ ಭಾಗದ ಜಿಲ್ಲಾ ಕೇಂದ್ರ ಮೊದಲು ಇದ್ದದ್ದು ಬಿಜಾಪುರದಲ್ಲಲ್ಲ, ನಮ್ಮ ಕಲಾದಗಿಯಲ್ಲಿ. ಜಿಲ್ಲೆಯ ಹೆಸರೇ ಕಲಾದಗಿ ಜಿಲ್ಲೆ. 1880ರ ದಶಕದಲ್ಲಿ ಕೇಂದ್ರ ಬಿಜಾಪುರಕ್ಕೆ ಹೋಯಿತು, ಹೆಸರೂ ಬದಲಾಯಿತು. ಇವತ್ತು ದಾಳಿಂಬೆ, ಚಿಕ್ಕು ಅಂದರೆ ನೆನಪಾಗುವ ಊರು ಒಂದು ಕಾಲಕ್ಕೆ ಕಲೆಕ್ಟರ್ ಕೂತಿದ್ದ ಊರು. ಅಂದರೆ 1997ರಲ್ಲಿ ಬಂದದ್ದು ಹೊಸ ಗೌರವ ಅಷ್ಟೇ ಅಲ್ಲ, ನೂರು ವರ್ಷಕ್ಕೂ ಹಿಂದೆ ಈ ಕಡೆಯಿಂದ ಹೋಗಿದ್ದು ವಾಪಸ್ ಬಂತು.

ಜಿಲ್ಲೆ ಹುಟ್ಟಿದ ಆ ಕಾಲದಲ್ಲೇ ಊರು ಮುಳುಗುವ ಚಿಂತೆಯೂ ಇತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಓಣಿ, ಅಂಗಡಿಗಳು ಖಾಲಿ ಆಗಬೇಕಿತ್ತು, ಅತ್ತ ನವನಗರ ಎದ್ದು ನಿಲ್ಲುತ್ತಿತ್ತು. ಒಂದು ಕೈಯಲ್ಲಿ ಜಿಲ್ಲಾ ಕೇಂದ್ರದ ಬೋರ್ಡು, ಇನ್ನೊಂದು ಕೈಯಲ್ಲಿ ಮನೆ ಬಿಡುವ ನೋಟಿಸು. ಹಂಗಾಗಿ ಎಷ್ಟೋ ಮನೆಗಳಲ್ಲಿ ಆ ವರ್ಷಗಳ ನೆನಪು ಅಂದರೆ ಸ್ಥಳಾಂತರದ ನೆನಪೇ ಆಗಿದೆ.

1947: ಆಗಸ್ಟ್ 15ನ್ನೇ ಯಾಕೆ ಆರಿಸಿದರು?

1948ರ ಜೂನ್ ಒಳಗೆ ಭಾರತಕ್ಕೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ ಬ್ರಿಟನ್ ಸರ್ಕಾರ ಮೊದಲು ಹೇಳಿತ್ತು. ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಅದನ್ನು ಹಿಂದಕ್ಕೆ ಎಳೆದು 1947ರ ಆಗಸ್ಟ್ 15ಕ್ಕೆ ತಂದರು. ಆ ತಾರೀಖಿನ ಹಿಂದೆ ಒಂದು ನೆನಪಿತ್ತು. 1945ರ ಆಗಸ್ಟ್ 15ರಂದು ಜಪಾನ್ ಚಕ್ರವರ್ತಿ ಹಿರೋಹಿಟೊ ರೇಡಿಯೊದಲ್ಲಿ ಶರಣಾಗತಿ ಸಾರಿದ್ದರು. ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥ ಇದೇ ಮೌಂಟ್‌ಬ್ಯಾಟನ್. ತಮ್ಮ ಗೆಲುವಿನ ತಾರೀಖನ್ನೇ ನಮ್ಮ ಸ್ವಾತಂತ್ರ್ಯಕ್ಕೂ ಇಟ್ಟರು.

ಅವತ್ತು ಪಂಚಾಂಗದ ಪ್ರಕಾರ ಅಧಿಕ ಶ್ರಾವಣದ ಬಹುಳ ಚತುರ್ದಶಿ, ಮರುದಿನ ಅಮಾವಾಸ್ಯೆ. ದಿನ ಒಳ್ಳೇದಲ್ಲ ಅಂತ ಜ್ಯೋತಿಷಿಗಳು ತಕರಾರು ತೆಗೆದಿದ್ದರು. ಸಂವಿಧಾನ ಸಭೆ 14ರ ರಾತ್ರಿಯೇ ಸೇರಿತು, ನಡುರಾತ್ರಿ ಗಂಟೆ ಹೊಡೆದಾಗ ದೇಶ ಸ್ವತಂತ್ರವಾಯಿತು.

ಅವತ್ತು ನಮ್ಮ ತಾಲೂಕುಗಳಲ್ಲಿ ಯಾರ ಆಳ್ವಿಕೆ ಇತ್ತು?

ಇವತ್ತು ಇಡೀ ಜಿಲ್ಲೆಗೆ ಒಂದೇ ಆಡಳಿತ. 1947ರಲ್ಲಿ ಹಂಗಿರಲಿಲ್ಲ.

• ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗ: ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆ. ಆಗಸ್ಟ್ 15ಕ್ಕೇ ಬ್ರಿಟಿಷ್ ಆಡಳಿತ ಮುಗಿಯಿತು.

• ಜಮಖಂಡಿ: ಪಟವರ್ಧನರ ಸಂಸ್ಥಾನ. ಮುಧೋಳ: ಘೋರ್ಪಡೆಯವರ ಸಂಸ್ಥಾನ. ಇವೆರಡೂ ಮುಂಬೈ ಪ್ರಾಂತ್ಯದಲ್ಲಿ ವಿಲೀನ ಆಗಿದ್ದು 1948ರಲ್ಲಿ.

• ಇಳಕಲ್ ಪಕ್ಕದ ಕುಷ್ಟಗಿ, ಆಚೆಯ ಲಿಂಗಸುಗೂರು: ಹೈದರಾಬಾದ್ ನಿಜಾಮರ ರಾಜ್ಯ. ಅಲ್ಲಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, 13 ತಿಂಗಳು ತಡವಾಗಿ.

ಇಳಕಲ್‌ನವರು ಇದನ್ನು ಒಂದು ಕ್ಷಣ ಯೋಚನೆ ಮಾಡಿ ನೋಡ್ರಿ. ಸಂತೆಗೆ, ಸೀರೆ ವ್ಯಾಪಾರಕ್ಕೆ, ಬೀಗತನಕ್ಕೆ ದಿನಾ ಹೋಗಿ ಬರುವ ಕುಷ್ಟಗಿ. ಈ ಕಡೆ ತ್ರಿವರ್ಣ ಧ್ವಜ ಏರಿದ ದಿನ ಆ ಕಡೆ ನಿಜಾಮರ ಆಡಳಿತವೇ ಇತ್ತು. ಅದಕ್ಕೇ ಕೊಪ್ಪಳ, ರಾಯಚೂರು ಕಡೆ ಸೆಪ್ಟೆಂಬರ್ 17ಕ್ಕೂ ಧ್ವಜ ಹಾರಿಸುತ್ತಾರೆ. ಈಗ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅನ್ನುತ್ತಾರೆ.

ಮುಂದೆ 1956ರ ನವೆಂಬರ್ 1ಕ್ಕೆ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜಮಖಂಡಿ, ಮುಧೋಳ, ಇಳಕಲ್, ಕುಷ್ಟಗಿ ಎಲ್ಲ ಒಂದೇ ರಾಜ್ಯದೊಳಗೆ ಬಂದದ್ದು ಆಗಲೇ.

ಧ್ವಜದ ಬಟ್ಟೆಗೂ ನಮ್ಮ ಜಿಲ್ಲೆಯ ನಂಟು

ರಾಷ್ಟ್ರಧ್ವಜ ತಯಾರಿಸಿ ಕೊಡುವ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಸರು ಎಲ್ಲರೂ ಕೇಳಿದ್ದಾರೆ. ಆ ಧ್ವಜಕ್ಕೆ ಬೇಕಾದ ಖಾದಿ ಬಟ್ಟೆ ನೇಯುವುದು ಎಲ್ಲಿ? ನಮ್ಮ ತುಳಸಿಗೇರಿಯಲ್ಲಿ. ಹನುಮಪ್ಪನ ಗುಡಿಯಿಂದ ಹೆಸರಾದ ಅದೇ ತುಳಸಿಗೇರಿ. ಕೈಮಗ್ಗದಲ್ಲಿ ನೇಯ್ದ ಈ ಬಟ್ಟೆಗೆ ನೂಲಿನ ಎಳೆ, ತೂಕ, ಬಣ್ಣ ಎಲ್ಲದಕ್ಕೂ ಸರ್ಕಾರದ ಅಳತೆ ಇದೆ. ಅಳತೆ ತಪ್ಪಿದರೆ ಆ ಬಟ್ಟೆ ಧ್ವಜ ಆಗೋದಿಲ್ಲ. ಮುಂದಿನ ಸಲ ಧ್ವಜಕ್ಕೆ ಕೈ ಎತ್ತಿ ನಮಸ್ಕಾರ ಮಾಡುವಾಗ ಈ ನೇಕಾರರೂ ನೆನಪಿಗೆ ಬರಲಿ.

ಸಂಗೊಳ್ಳಿ ರಾಯಣ್ಣ: ಎರಡೂ ದಿನ ಅವನವೇ

ಕಿತ್ತೂರು ಚನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನ ಜಯಂತಿ ಆಚರಿಸುವುದು ಆಗಸ್ಟ್ 15ಕ್ಕೆ. ಬ್ರಿಟಿಷರು ಅವನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರ ಜನವರಿ 26ಕ್ಕೆ. ಮುಂದೆ ಒಂದು ತಾರೀಖು ಸ್ವಾತಂತ್ರ್ಯ ದಿನ, ಇನ್ನೊಂದು ಗಣರಾಜ್ಯ ದಿನ ಆಯಿತು. ಇದನ್ನು ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ. ಆಗಸ್ಟ್ 15 ಬಂದದ್ದು ಮೌಂಟ್‌ಬ್ಯಾಟನ್ ಮಾತಿನಿಂದ. ಜನವರಿ 26 ಬಂದದ್ದು 1930ರ ಪೂರ್ಣ ಸ್ವರಾಜ್ ದಿನದ ನೆನಪಿಗೆ. ರಾಯಣ್ಣನ ವಿಷಯದಲ್ಲಿ ಎರಡೂ ತಾವಾಗಿಯೇ ಕೂಡಿ ಬಂದಿವೆ.

ಅಂಗಡಿ ಗಲ್ಲೆಗೆ ಸಂಬಂಧಪಟ್ಟ ಆಗಸ್ಟ್ 15ಗಳು

ಸರ್ಕಾರಗಳು ಹೊಸ ಯೋಜನೆ ಶುರು ಮಾಡಲು ಈ ದಿನವನ್ನೇ ಆರಿಸುವುದು ರೂಢಿ. ಅದರಲ್ಲಿ ಕೆಲವು ನಮ್ಮ ದಿನದ ವ್ಯವಹಾರದೊಳಗೇ ಇವೆ.

• 1969: ಇಸ್ರೊ ಸ್ಥಾಪನೆ. ಮಳೆ ಮುನ್ಸೂಚನೆ, ಟಿವಿ ಚಾನೆಲ್ಲು, ಇವುಗಳ ಹಿಂದೆ ಅದರ ಉಪಗ್ರಹಗಳಿವೆ.

• 1971: ಡಾಲರ್ ಕೊಟ್ಟರೆ ಚಿನ್ನ ಕೊಡುವ ಪದ್ಧತಿಯನ್ನು ಅಮೆರಿಕದ ಅಧ್ಯಕ್ಷ ನಿಕ್ಸನ್ ನಿಲ್ಲಿಸಿದರು. ಅಲ್ಲಿವರೆಗೆ ಬೇರೆ ದೇಶದ ಸರ್ಕಾರಗಳಿಗೆ 35 ಡಾಲರ್‌ಗೆ ಒಂದು ಔನ್ಸ್ ಲೆಕ್ಕ. ಚಿನ್ನದ ದರ ಇವತ್ತು ದಿನಾ ಏರಿಳಿಯುವುದರ ಬೇರು ಅಲ್ಲಿದೆ. ಅವರು ಅಲ್ಲಿ ರಾತ್ರಿ ಭಾಷಣ ಮಾಡುವಾಗ ನಮ್ಮಲ್ಲಿ ಆಗಲೇ 16ರ ಬೆಳಗು.

• 1972: ಪಿನ್ ಕೋಡ್ ಜಾರಿ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿಯಿಂದ ಯಾವ ಭಾಗ ಅಂತ ತಿಳಿಯುತ್ತದೆ, ಕೊನೆಯ ಮೂರರಿಂದ ಯಾವ ಅಂಚೆ ಕಚೇರಿ ಅಂತ. ವಿಜಯಪುರಕ್ಕೆ 586, ನಮಗೆ 587. ಬಾಗಲಕೋಟೆ 587101, ಬಾದಾಮಿ 587201, ಹುನಗುಂದ 587118, ಇಳಕಲ್ 587125. ಅಂದರೆ ಜಿಲ್ಲೆ ಆಗುವ ಮೊದಲೇ ಅಂಚೆಯವರ ಲೆಕ್ಕದಲ್ಲಿ ನಾವು ಬೇರೆಯೇ ಇದ್ದೆವು. ಇವತ್ತು ಇಳಕಲ್ ಸೀರೆ ಪಾರ್ಸೆಲ್ ಹೋಗುವುದೂ, ಆನ್‌ಲೈನ್‌ನಲ್ಲಿ ತರಿಸಿದ ಸಾಮಾನು ಬರುವುದೂ ಈ ಆರು ಅಂಕಿಯ ಮೇಲೆ.

• 1982: ದೂರದರ್ಶನದಲ್ಲಿ ಬಣ್ಣದ ಪ್ರಸಾರ. ಕೆಂಪುಕೋಟೆಯಿಂದ ಇಂದಿರಾ ಗಾಂಧಿ ಮಾಡಿದ ಭಾಷಣ ದೇಶಕ್ಕೆ ಬಣ್ಣದಲ್ಲಿ ಕಂಡಿತು.

• 1995: ಸಾರ್ವಜನಿಕರಿಗೆ ಇಂಟರ್‌ನೆಟ್. ವಿಎಸ್‌ಎನ್‌ಎಲ್ ಮೊದಲು ದೊಡ್ಡ ನಗರಗಳಲ್ಲಿ ಶುರು ಮಾಡಿತು. ನೀವು ಮೊಬೈಲ್‌ನಲ್ಲಿ ಈ ಸುದ್ದಿ ಓದುತ್ತಿರುವುದು ಆ ದಿನದ ಮುಂದುವರಿಕೆಯೇ.

ಒಬ್ಬರಿಗೆ ಸಂಭ್ರಮ, ಇನ್ನೊಬ್ಬರಿಗೆ ಸೂತಕ

ಒಂದೇ ತಾರೀಖು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೊರಿಯಾದವರಿಗೆ ಆಗಸ್ಟ್ 15 ಜಪಾನ್ ಹಿಡಿತದಿಂದ ಬಿಡುಗಡೆಯಾದ ದಿನ, ಉತ್ತರ ದಕ್ಷಿಣ ಎರಡೂ ಕಡೆ ಆಚರಿಸುತ್ತಾರೆ. ಜಪಾನಿನವರಿಗೆ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಆಫ್ರಿಕಾದ ಕಾಂಗೊ ಗಣರಾಜ್ಯ 1960ರಲ್ಲಿ ಫ್ರಾನ್ಸ್‌ನಿಂದ ಸ್ವತಂತ್ರವಾದದ್ದು ಇದೇ ದಿನ.

1975ರ ಆಗಸ್ಟ್ 15ರ ಶುಕ್ರವಾರ, ನಮ್ಮ ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣವಾದ 'ಶೋಲೆ' ಬಿಡುಗಡೆ ಆಯಿತು. ಅದೇ ದಿನ ನಸುಕಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಶೇಖ್ ಮುಜಿಬುರ್ ರಹಮಾನ್ ಅವರನ್ನು ಮನೆಮಂದಿ ಸಮೇತ ಕೊಂದರು.

ಸ್ವಾತಂತ್ರ್ಯ ಹೋರಾಟದಲ್ಲೂ ಈ ದಿನಕ್ಕೆ ಒಂದು ನೋವಿದೆ. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು ಪುಣೆಯ ಆಗಾಖಾನ್ ಅರಮನೆಯಲ್ಲಿ, ಬ್ರಿಟಿಷರ ಸೆರೆಯಲ್ಲಿ ಇದ್ದಾಗಲೇ ತೀರಿಕೊಂಡರು. ಸರಿಯಾಗಿ 5 ವರ್ಷಕ್ಕೆ ದೇಶ ಸ್ವತಂತ್ರವಾಯಿತು, ನೋಡಲು ಅವರಿರಲಿಲ್ಲ.

ನಮ್ಮಲ್ಲೇ 2019ರ ಆಗಸ್ಟ್ ನೆನಪಿಸಿಕೊಳ್ರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು, ಪಟ್ಟದಕಲ್ಲಿನ ಗುಡಿಗಳ ತನಕ ನೀರು ಬಂದಿತ್ತು. ಹೊಳೆ ದಂಡೆಯ ಊರುಗಳ ಮಂದಿಗೆ ಆ ಸಲದ ಸ್ವಾತಂತ್ರ್ಯ ದಿನ ಅಂದರೆ ಮನೆಯೊಳಗಿನ ಕೆಸರು.

ತಾರೀಖು ಬೇರೆ, ತಿಥಿ ಬೇರೆ

'ಇದೇ ದಿನ' ಅನ್ನುವುದಕ್ಕೆ ನಮ್ಮಲ್ಲಿ ಎರಡು ಲೆಕ್ಕ. ಶಾಲೆ, ಬ್ಯಾಂಕಿಗೆ ತಾರೀಖು, ಪೂಜೆ, ಜಾತ್ರೆಗೆ ತಿಥಿ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಅದರಲ್ಲಿ ಬರೆದಿರುವುದು ಶಕ ವರ್ಷ 500, ಕಾರ್ತಿಕ ಹುಣ್ಣಿಮೆ ಅಂತ. ಇಸವಿ ಲೆಕ್ಕದಲ್ಲಿ 578. ಅವರಿಗೆ ದಿನ ಅಂದರೆ ತಿಥಿ.

ತಿಥಿ ಮತ್ತು ತಾರೀಖು ಸುಮಾರು 19 ವರ್ಷಕ್ಕೊಮ್ಮೆ ಮತ್ತೆ ಕೂಡುತ್ತವೆ. 1947ರಲ್ಲಿ ಇದ್ದ ಅಧಿಕ ಶ್ರಾವಣದ ಚತುರ್ದಶಿಯೇ 2023ರ ಆಗಸ್ಟ್ 15ಕ್ಕೂ ಇತ್ತು, ಮಧ್ಯೆ 76 ವರ್ಷ, ಅಂದರೆ ನಾಲ್ಕು ಸುತ್ತು. ವಾರದ ಲೆಕ್ಕ ಇನ್ನೊಂದು. ದೇಶ ಸ್ವತಂತ್ರವಾದ ದಿನ ಶುಕ್ರವಾರ, 50 ವರ್ಷ ಆದಮೇಲೆ ನಮ್ಮ ಜಿಲ್ಲೆ ಹುಟ್ಟಿದ ದಿನವೂ ಶುಕ್ರವಾರ.

ಹಂಗಾದರೆ ಏನು ಮಾಡಬೇಕು?

ದೊಡ್ಡದೇನೂ ಬೇಡ. ಈ ಸಲ ಆಗಸ್ಟ್ 15ಕ್ಕೆ ಶಾಲೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಸಂಘದಲ್ಲಿ ಮಾತಾಡುವವರು ಕೊನೆಗೆ ಒಂದು ಮಾತು ಸೇರಿಸಲಿ: ಇವತ್ತು ನಮ್ಮ ಜಿಲ್ಲೆಯ ಹುಟ್ಟುಹಬ್ಬ ಕೂಡ ಹೌದು ಅಂತ. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ದಿನವನ್ನೇ ಆರಿಸಿ ಜಿಲ್ಲೆ ಕೊಟ್ಟರು. ಆದರೆ ಆ ದಿನದ ನೆರಳಲ್ಲೇ ಅದು ಮರೆತೂ ಹೋಯಿತು. ಯಾವ ವರ್ಷ ಯಾವ ತಾಲೂಕು ಯಾರ ಕೈಯಲ್ಲಿತ್ತು, ಯಾವ ಓಣಿ ಯಾವಾಗ ನೀರಿಗೆ ಹೋಯಿತು ಅನ್ನುವುದು ದೊಡ್ಡ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಅದನ್ನು ಕಂಡವರು ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ. ಧ್ವಜಾರೋಹಣ ಮುಗಿಸಿ ಮನೆಗೆ ಬಂದಮೇಲೆ ಮನೆಯ ಹಿರಿಯರನ್ನು ಒಮ್ಮೆ ಕೇಳ್ರಿ, ಬಿಜಾಪುರಕ್ಕೆ ಹೋಗಿ ಬರುತ್ತಿದ್ದ ಕಾಲ ಹೆಂಗಿತ್ತು ಅಂತ. ಹೇಳಿದ್ದನ್ನು ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡ್ರಿ.