297ನೇ ಸಂಖ್ಯೆಯ ಕಪಾಟು

ಇಸ್ಲಾಮನ್ನು ಒಂದು ಧರ್ಮವಾಗಿ ಓದಬೇಕೆಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದ ಮೊದಲ ದಿನ ನಾನು ನಿಂತದ್ದು ಇತಿಹಾಸದ ಕಪಾಟಿನ ಮುಂದೆ. ಅಲ್ಲಿಯವರೆಗೆ ನನಗೆ ಇಸ್ಲಾಂ ಎಂದರೆ ಸುಲ್ತಾನರು, 1565ರ ಯುದ್ಧ, ಗೋಳಗುಮ್ಮಟ, ಅಷ್ಟೇ.

ಡ್ಯೂಯಿ ವರ್ಗೀಕರಣದಲ್ಲಿ ಇಸ್ಲಾಮಿನ ಸಂಖ್ಯೆ 297. (ಬೈಬಲ್ ಮತ್ತು ಕ್ರೈಸ್ತ ಧರ್ಮಕ್ಕೆ 220ರಿಂದ 289, ಲೋಕದ ಉಳಿದ ಧರ್ಮಗಳೆಲ್ಲ 290ರ ಹತ್ತು ಸಂಖ್ಯೆಗಳಲ್ಲಿ ಇಕ್ಕಟ್ಟಾಗಿ ಕೂತಿವೆ.) ಆ ಕಪಾಟಿನಲ್ಲಿ ಕುರ್‌ಆನ್ ವ್ಯಾಖ್ಯಾನ, ಹದೀಸ್, ಷರಿಯಾ ಸಿಕ್ಕವು. ಬಿಜಾಪುರದ ಸಾಮಾನ್ಯರ ಮನೆಯೊಳಗೆ ಆ ನಂಬಿಕೆ ಹೇಗೆ ಬಂತು ಎಂಬುದು ಮಾತ್ರ ಸಿಗಲಿಲ್ಲ.

ಅದು ಸಿಕ್ಕಿದ್ದು ಬೈಂಡು ಮಾಡಿಸಿಟ್ಟ ಹಳೆಯ ನಿಯತಕಾಲಿಕಗಳಲ್ಲಿ, ರಿಚರ್ಡ್ ಈಟನ್ 1974ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಹುಟ್ಟಿದ ದಖನಿ ಹಾಡುಗಳ ಬಗೆಗಿನ ಲೇಖನ ಅದು: ಹೆಂಗಸರು ಬೀಸುವಾಗ ಹಾಡುತ್ತಿದ್ದ ಚಕ್ಕಿನಾಮಾ, ನೂಲುವಾಗ ಹಾಡುತ್ತಿದ್ದ ಚರಖಾನಾಮಾ. ಒಂದರಲ್ಲಿ ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ, ಅಂದರೆ ಅಲ್ಲಾಹನ ಹೆಸರಿನ ಮೊದಲಕ್ಷರಕ್ಕೆ ಹೋಲಿಸಿದೆ. ಈಟನ್ ಪ್ರಕಾರ ಇಲ್ಲಿ ಇಸ್ಲಾಂ ಹರಡಿದ್ದರಲ್ಲಿ ಈ ಹಾಡುಗಳ ಪಾಲು ದೊಡ್ಡದು. ತಾಯಂದಿರ ಬಾಯಿಂದ ಮಕ್ಕಳ ಕಿವಿಗೆ, ನಿಧಾನವಾಗಿ.

ಬೀಸುವ ಪದಗಳನ್ನು ನಾನು ಜಾನಪದದ ಪಾಠದಲ್ಲಿ ಓದಿದ್ದೆ. ಅಂಥದೇ ಕಲ್ಲಿನ ಮುಂದೆ ಕೂತು ಇನ್ನೊಬ್ಬಾಕೆಯೂ ಹಾಡುತ್ತಿದ್ದಿರಬಹುದೆಂದು ಹೊಳೆದೇ ಇರಲಿಲ್ಲ.