ಬಲೆ ಮತ್ತು ಉಂಗುರ

ಉತ್ತರ ಸಮುದ್ರದಲ್ಲಿ, ಜರ್ಮನಿಯ ಕರಾವಳಿಯಿಂದಾಚೆ, ಹೆಲಿಗೋಲ್ಯಾಂಡ್ ಎಂಬ ಕೆಂಪು ಬಂಡೆಯ ಪುಟ್ಟ ದ್ವೀಪವಿದೆ. ಕಡಲನ್ನು ದಾಟಿ ದಣಿದ ವಲಸೆಹಕ್ಕಿಗಳು ಕಾಲೂರುವ ತಾಣವದು. ದ್ವೀಪದ ಬೆಸ್ತರಿಗಾದರೋ ಬಂದಿಳಿದ ಹಕ್ಕಿಯೆಂದರೆ ಊಟದ ಪದಾರ್ಥ. ಮರಗಳು ವಿರಳವಾದ ನೆಲದಲ್ಲಿ ಪೊದೆಗಳನ್ನು ನಿಲ್ಲಿಸಿ, ಬಲೆ ಕಟ್ಟಿ, ಥ್ರಷ್ ಹಕ್ಕಿಗಳನ್ನು ಹಿಡಿಯುವುದು ಅವರ ವಾಡಿಕೆಯಾಗಿತ್ತು.

ದ್ವೀಪವು ಬ್ರಿಟಿಷರ ವಶದಲ್ಲಿದ್ದ ಕಾಲದಲ್ಲಿ, 1837ರಲ್ಲಿ, ಹೈನ್‌ರಿಖ್ ಗೇಟ್ಕೆ ಎಂಬ ತರುಣ ಚಿತ್ರಕಾರ ಅಲ್ಲಿಗೆ ಬಂದ. ಬಂದವನು 1897ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯವನೇ ಆದ. ಸರ್ಕಾರದ ಕಾರ್ಯದರ್ಶಿಯ ಹುದ್ದೆ ಜೀವನೋಪಾಯಕ್ಕೆ. ಜೀವವೆಲ್ಲ ಹಕ್ಕಿಗಳ ಮೇಲೆ. ಬೇಟೆಗಾರರ ಕೈಗೆ ಸಿಕ್ಕ ಅಪೂರ್ವ ಹಕ್ಕಿಗಳು ಅವನ ಸಂಗ್ರಹವನ್ನು ಸೇರತೊಡಗಿದುವು. ಅರ್ಧ ಶತಮಾನದ ಈ ಶೋಧನೆಯ ಫಲ 1891ರ ಅವನ ಮಹಾಗ್ರಂಥ. ಅದರಲ್ಲಿ ತಪ್ಪುಗಳಿಲ್ಲವೆಂದಲ್ಲ. ನೀಲಿ ಕೊರಳಿನ ಒಂದು ಪುಟ್ಟ ಹಕ್ಕಿ ಆಫ್ರಿಕದಿಂದ ಒಂದೇ ರಾತ್ರಿಯಲ್ಲಿ ಹಾರಿಬರುತ್ತದೆಂದು ಮುದುಕ ನಂಬಿದ್ದ! ಆದರೂ ವಲಸೆಯನ್ನು ಒಂದೇ ಎಡೆಯಲ್ಲಿ ನಿಂತು ಅಷ್ಟು ಕಾಲ ನೋಡಿದವರು ಅವನಿಗೆ ಮುನ್ನ ಯಾರಿದ್ದರು? ಆ ಜ್ಞಾನದ ಬಹುಭಾಗ ಸತ್ತ ಹಕ್ಕಿಗಳಿಂದ ಬಂದುದೆಂಬುದನ್ನು ಮಾತ್ರ ಮರೆಯಲಾಗದು.

1890ರಲ್ಲಿ ದ್ವೀಪ ಜರ್ಮನಿಗೆ ಸೇರಿತು. 1910ರಲ್ಲಿ ಹ್ಯೂಗೋ ವೈಗೋಲ್ಡ್ ಅಲ್ಲಿ ಪಕ್ಷಿವೀಕ್ಷಣಾಲಯವನ್ನು ಆರಂಭಿಸಿದ. ಬೆಸ್ತರ ಪೊದೆ-ಬಲೆಯ ಉಪಾಯವನ್ನೇ ತಿದ್ದಿ ದೊಡ್ಡ ಬಲೆಗೂಡು ಮಾಡಲಾಯಿತು. ಒಳಹೊಕ್ಕ ಹಕ್ಕಿಯ ಕಾಲಿಗೆ ಅಂಕೆಯ ಉಂಗುರ ತೊಡಿಸಿ ಹಾರಿಬಿಡುವರು. ಅನೇಕ ದೇಶಗಳಲ್ಲಿ ಅದಕ್ಕೆ ‘ಹೆಲಿಗೋಲ್ಯಾಂಡ್ ಬಲೆ’ ಎಂದೇ ಹೆಸರು.

ಮಹಾಯುದ್ಧ ಮುಗಿದ ಮೇಲೆ, 1947ರ ಏಪ್ರಿಲ್ 18ರಂದು, ಜನರಿಲ್ಲದ ದ್ವೀಪದ ಸೈನಿಕ ಕಟ್ಟಡಗಳನ್ನು ಬ್ರಿಟಿಷರು ಸುಮಾರು 6,700 ಟನ್ ಸ್ಫೋಟಕಗಳಿಂದ ಸಿಡಿಸಿದರು. ದ್ವೀಪ ಜರ್ಮನಿಗೆ ಮರಳಿದ್ದು 1952ರಲ್ಲಿ. ಮರುವರ್ಷವೇ ವೀಕ್ಷಣಾಲಯ ಮತ್ತೆ ತೆರೆಯಿತು.